ರಜಿಯಾ ಕೇಳಿದ ಒಂದು ತಾಸು

ಗದಗ
ಫೆಬ್ರುವರಿ ೩೦, ೨೧೫೮

ಪೂಜ್ಯ ಶಿವಲೀಲಾ ಅಜ್ಜಿಯವರಿಗೆ, ನಿಮ್ಮ ಐದನೆಯ ತಲೆಮಾರಿನ ಅವನಿ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದು ದಿನಗಳಿಗೆ ತಿಂಗಳೇ ಇಲ್ಲ. ಇಂಥ ಇನ್ನೂ ಕೆಲವು ಮಾತು ಬರುತ್ತವೆ, ಮನ್ನಿಸಬೇಕು. ನೂರಕ್ಕೂ ಹೆಚ್ಚು ವರ್ಷ ಹಿಂದಿನ ನಿಮಗೆ ಇದನ್ನು ಬರೆಯುತ್ತಿದ್ದೇನೆ; ಓದುವಾಗ ನಿಮಗೆ ಮೂವತ್ತೆರಡು. ನಿಮ್ಮನ್ನು ಅಜ್ಜಿ ಎನ್ನುವ ನನಗೆ ಮೂವತ್ತೆಂಟು.

ನನ್ನ ಮಗಳು ಇಬ್ಬನಿಗೆ ನಾಡಿದ್ದು ಹತ್ತು ತುಂಬುತ್ತದೆ. ನಿಮ್ಮ ಮಗ ಓಂಕಾರನಂತೆ ಅವಳಿಗೂ ಮಾತು ಬಂದಿಲ್ಲ. ಅವಳ ಕೊರಳಪಟ್ಟಿಯಲ್ಲಿ ಇಂಗಿತಕ ಎಂಬ ಗುಂಡಿ ಇದೆ. ನಾಡಿ, ಉಸಿರು, ಕಣ್ಣೋಟಗಳನ್ನು ಅಳೆದು, ಮಗುವಿಗೆ ಏನು ಬೇಕೆಂದು ತಾಯಿಯ ಕಿವಿಗೆ ಹೇಳುವ ಯಂತ್ರ ಅದು. ಹತ್ತು ತುಂಬಿದ ದಿನ ಅದನ್ನು ಚರ್ಮದಡಿ ಕೂಡಿಸುತ್ತಾರೆ. ಆಮೇಲೆ ತೆಗೆಯಲು ಬರುವುದಿಲ್ಲ. ಒಪ್ಪಿಗೆಯ ಸಹಿಗೆ ಇಂದು ಸಂಜೆಯೇ ಕೊನೆಯ ಗಡುವು.

ನಮ್ಮ ದಿನ ನಸುಕಿನ ನಾಲ್ಕಕ್ಕೆ ಶುರು. ಹತ್ತಕ್ಕೆ ಬಿಸಿಲುಗಂಟೆ ಬಾರಿಸಿದರೆ ಬೀದಿ, ಅಂಗಡಿ, ಶಾಲೆ ಎಲ್ಲ ಮುಚ್ಚಿ ಸಂಜೆ ಐದಕ್ಕೆ ತೆರೆಯುತ್ತವೆ. ಆ ಏಳು ತಾಸು ನಾನೂ ಇಬ್ಬನಿಯೂ ನೆಲಮಾಳಿಗೆಯಲ್ಲಿ ಇರುತ್ತೇವೆ. ಕಿವಿಯಲ್ಲಿ ‘ನೀರು’ ಎಂದು ಕೇಳಿದರೆ ನೀರು ಕೊಡುತ್ತೇನೆ, ‘ಶಬ್ದ ಜಾಸ್ತಿ’ ಎಂದರೆ ಫ್ಯಾನು ಬಂದ್ ಮಾಡುತ್ತೇನೆ. ಅವಳು ಅತ್ತದ್ದು ಕಡಿಮೆ. ನಾನು ಒಳ್ಳೆಯ ತಾಯಿ ಎಂದೇ ತಿಳಿದಿದ್ದೆ. ಹೋದ ತಿಂಗಳು ಅಂಥದೇ ಒಂದು ಮಧ್ಯಾಹ್ನ ಹಳೆಯ ಪೆಟ್ಟಿಗೆಯಲ್ಲಿ ನಿಮ್ಮ ನೋಟ್‌ಬುಕ್ ಸಿಕ್ಕಿತು.

ಥೆರಪಿ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕೂತು ನೀವು ಬರೆದದ್ದನ್ನು ಓದಿದಾಗ, ನಾನು ಕಾಣದ ಕಾಲಕ್ಕಾಗಿ ಮನಸ್ಸು ಹಂಬಲಿಸುತ್ತದೆ. ಒಳಗೆ ಮಕ್ಕಳು, ಹೊರಗೆ ಮುಕ್ಕಾಲು ತಾಸು ಕಾಯುವ ತಾಯಂದಿರು, ಒಂದೇ ಡಬ್ಬಿಯ ಗಿರ್ಮಿಟ್ಟಿಗೆ ಐದು ಕೈ, ಬೆರಳಿಗೆ ಮಸಿ ಅಂಟಿಸುವ ದಿನಪತ್ರಿಕೆ. ಈಗ ಥೆರಪಿ ಮನೆಗೇ ಬರುತ್ತದೆ. ಕಾಯುವ ಬೆಂಚಿಲ್ಲ, ಹಾಗಾಗಿ ಇನ್ನೊಬ್ಬ ತಾಯಿಯ ಪರಿಚಯವೂ ಇಲ್ಲ.

ಒಂದು ದಿನ ಓಂಕಾರ ಕೇಳುವ ಮೊದಲೇ ನೀವು ಬಾಟಲಿ ಬಿಚ್ಚಿ ಕುಡಿಸಿದಿರಿ. ಪಕ್ಕದಲ್ಲಿ ಕೂತಿದ್ದ, ಸನಾ ಎಂಬ ಇನ್ನೊಂದು ಮಗುವಿನ ತಾಯಿ ರಜಿಯಾ ಸುಮ್ಮನಿರಲಿಲ್ಲ. ಆ ಮಾತನ್ನು ನೀವು ಹಾಗೆಯೇ ಬರೆದಿಟ್ಟಿದ್ದೀರಿ.

“ಏನ್ರಿ ಅಕ್ಕಾ, ಅವನ ಬಾಯಿನೂ ನೀವ, ಕೈನೂ ನೀವ. ಪಾಪ, ಹೊಟ್ಟಿ ಒಂದ ಅವಂಗ ಬಿಟ್ಟೀರಿ ನೋಡ್ರಿ!”

“ನನ್ನ ಮಗಗ ಏನ್ ಬೇಕಂತ ನನಗ ಗೊತ್ತಾಗಂಗಿಲ್ಲೇನು?”

“ಅದ ತ್ರಾಸು. ನಿಮಗ ಗೊತ್ತೈತಿ, ಅದಕ್ಕ ಅಂವ ಕೇಳಂಗಿಲ್ಲ. ಗುರುವಾರ ಒಂದ್ ತಾಸು ಅವನ್ನ ನನ್ನ ಹಂತೇಕ ಬಿಡ್ರಿ. ನನಗ ಏನೂ ಗೊತ್ತಿಲ್ಲ, ಅಂವ ತೋರಿಸಾಕ ಬೇಕಾಕ್ಕೈತಿ. ಮುಂದಿನ ವಾರ ಸನಾನ್ನ ನೀವ್ ನೋಡ್ಕೋರಿ.”

ಮೊದಲ ಗುರುವಾರ ನೀವು ಬರೆದದ್ದು ಎರಡೇ ಸಾಲು: ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ, ಓಂಕಾರ ರಜಿಯಾಗೆ ಬಿಸ್ಕೀಟು ತೋರಿಸಿದನಂತೆ, ಹೊಟ್ಟೆಕಿಚ್ಚಾಯಿತು. ಮೂರನೆಯ ಸಲ ನೀವು ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದಿರಿ, ಆರು ವರ್ಷಗಳಲ್ಲಿ ಮೊದಲ ಬಾರಿ. ಆರನೆಯ ಸಲ ಡಾಕ್ಟರರ ಎದುರು ಕುರ್ಚಿ ಎಳೆದು ಕೂತು, ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಕೇಳಿದಿರಿ. ಅಲ್ಲಿಯವರೆಗೆ ಸುಮ್ಮನೆ ತಲೆಯಾಡಿಸಿ ಬರುತ್ತಿದ್ದಿರಂತೆ.

ನಾನೂ ಮೇಲಿನ ಮನೆಯ ಮಂದಾಕಿನಿಯ ಬಾಗಿಲು ತಟ್ಟಿದೆ. ಅವಳ ಮಗನಿಗೂ ಇಂಗಿತಕ ಇದೆ ಎಂದು ತಿಳಿದದ್ದು ಅಂದೇ. ಗುಂಡಿ ಬಂದ್ ಮಾಡಿ ಇಬ್ಬನಿಯನ್ನು ಬಿಟ್ಟುಬಂದೆ. ತಾಸಾದ ಮೇಲೆ ಕರೆತರಲು ಹೋದರೆ ಬೈಗುಳ.

“ಎಂಥಾ ಮಗಳವ್ವಾ ನಿನ್ನಾಕಿ! ನೀರಿನ ಕೊಡದ ಮುಚ್ಚಳ ಬಡದು ಬಡದು ಕಿವಿ ತೂತ ಮಾಡಿದ್ಲು. ನೀರು ಬೇಕಾಗ್ತಾವಂತ ಮೊದಲ ಹೇಳಬಾರದೇನು?”

ಇಬ್ಬನಿಯೇ ಹೇಳಿದ್ದಳು. ಹತ್ತು ವರ್ಷಗಳಲ್ಲಿ ಮೊದಲ ಸಲ; ಅದೂ ನನಗಲ್ಲ.

ಒಪ್ಪಿಗೆ ಪತ್ರಕ್ಕೆ ‘ಬೇಡ’ ಎಂದು ಬರೆದು ಈಗಷ್ಟೇ ಕಳಿಸಿದೆ. ಯಂತ್ರ ಕೆಟ್ಟದ್ದೆನ್ನಲಾರೆ, ಜ್ವರ, ಹೊಟ್ಟೆನೋವುಗಳನ್ನು ಅದು ನನಗಿಂತ ಮೊದಲು ಹಿಡಿದಿದೆ. ಇನ್ನು ಅದಿಲ್ಲದೆ ನನ್ನಿಂದ ತಪ್ಪುಗಳಾಗುತ್ತವೆ, ಅವಳು ಹೆಚ್ಚು ಅಳುತ್ತಾಳೆ. ಹೆದರಿಕೆ ಇದೆ. ಅದಕ್ಕೇ ನಿಮ್ಮಲ್ಲೊಂದು ವಿನಂತಿ: ನೋಟ್‌ಬುಕ್ಕಿನಲ್ಲಿ ಓಂಕಾರನ ವಿಷಯ ಪುಟಗಟ್ಟಲೆ ಇದೆ, ನಿಮ್ಮದು ನಾಲ್ಕೈದು ಸಾಲು ಮಾತ್ರ. ನಿಮ್ಮದನ್ನೂ ಬರೆಯಿರಿ. ನಾನು ಮತ್ತೆ ಮತ್ತೆ ಹುಡುಕುವುದು ಆ ಸಾಲುಗಳನ್ನೇ.

ಇಬ್ಬನಿ ಬಂದು ನನ್ನ ಮುಂಗೈ ಹಿಡಿದು ಎಳೆಯುತ್ತಿದ್ದಾಳೆ. ಏನು ಬೇಕೋ, ನನಗೆ ಗೊತ್ತಿಲ್ಲ. ಬರುತ್ತೇನೆ ಅಜ್ಜಿ.