ಅಂಗೈ ಒಡ್ಡಿದ ತಪ್ಪು

ಅಕ್ಟೋಬರ್ 5, ಭಾನುವಾರ. ಬೆಳಗ್ಗೆ 9
ಚಹಾ. ಅರ್ಧ ಬ್ರೆಡ್. ಫೋನ್ ಮೂರು ಸಲ ಬಡಿದುಕೊಂಡಿತು — ಕಮ್ಷಾತ್ ಅತ್ತಿಗೆ. ಎತ್ತಲಿಲ್ಲ. ಭಾನುವಾರದ ಪುರಾಣ ಗೊತ್ತಿದ್ದದ್ದೇ. ನಲವತ್ತಮೂರು ವರ್ಷದ ಹೆಂಗಸು ಒಬ್ಬಳೇ ಇರುವುದು ಮನೆತನಕ್ಕೆ ಅವಮಾನವಂತೆ. ಅಣ್ಣ ಹಳ್ಳಿಯಲ್ಲಿ ತಲೆ ಎತ್ತುವ ಹಾಗಿಲ್ಲವಂತೆ. ನಮ್ಮ ಮಹಡಿಯಲ್ಲಿ ನಾಲ್ಕು ಬಾಗಿಲು. ಮೂರರ ಹಿಂದೆ ಒಬ್ಬೊಬ್ಬರೇ. ಈ ಅಲ್ಮಾಟಿ ನಗರದ ಬೇಕರಿಯವರೂ ಈಗ ಬ್ರೆಡ್ ಅರ್ಧ ಕತ್ತರಿಸಿ ಮಾರುತ್ತಾರೆ. ಅವರಿಗೆ ಅರ್ಥವಾದದ್ದು ನನ್ನವರಿಗೆ ಆಗಲಿಲ್ಲ.
ದಿನವಿಡೀ ಕ್ಲಿನಿಕ್ಕಿನಲ್ಲಿ ಎಕ್ಸ್-ರೇ ತೆಗೆಯುತ್ತೇನೆ. ಮನೆಗೆ ಬಂದ ಮೇಲೆ ಯಾವ ಪ್ರಾಣಿಯ ಸದ್ದೂ ಬೇಡ. ಇಷ್ಟೇ ಕೇಳುವುದು.

ಅಕ್ಟೋಬರ್ 12. ಸಂಜೆ, ಬಸ್ಸಿನಲ್ಲಿ
ಕೆಟ್ಟೆ. ಕೆಟ್ಟೇ ಹೋದೆ.
ಅಣ್ಣನ ಮಗನಿಗೆ ವರ್ಷ ತುಂಬಿದ ಊಟ. ಹೋಗದಿದ್ದರೆ ಇನ್ನೊಂದು ರಾದ್ಧಾಂತ ಎಂದು ಹೋದೆ. ನಾಲ್ಕು ಹೆಣ್ಣಾದ ಮೇಲೆ ಹುಟ್ಟಿದವನು. ನಾಲ್ಕನೆಯವಳಿಗೆ ಉಲ್ಬೊಸಿನ್ ಅಂತಲೇ ಹೆಸರಿಟ್ಟಿದ್ದರು — ಮುಂದಿನದು ಗಂಡಾಗಲಿ ಅಂತ. ಕುದುರೆ ಮಾಂಸ ಬಂತು, ತಿಂದೆ. ಕೊನೆಗೆ ದೊಡ್ಡಪ್ಪ ಹರಸಲು ಕೈ ಎತ್ತಿದ. ಎಲ್ಲರೂ ಅಂಗೈ ಒಡ್ಡಿದರು, ನಾನೂ ಒಡ್ಡಿದೆ. ಅವನೋ ಬಾಯೊಳಗೇ ಗೊಣಗುವವನು. ನನಗೆ ಬಸ್ಸಿನ ಯೋಚನೆ. ಆಮೀನ್ ಅಂದರು. ನಾನೂ ಅಂದು ಮುಖ ಸವರಿಕೊಂಡೆ. ಹುಟ್ಟಿದಂದಿನ ಅಭ್ಯಾಸ, ಕೈ ತಾನೇ ಏಳುತ್ತದೆ.
ನೋಡಿದರೆ ಎಲ್ಲರ ಕಣ್ಣೂ ನನ್ನ ಮೇಲೆ. ಅತ್ತಿಗೆ ಬಂದು ತಬ್ಬಿಕೊಂಡಳು.
“ಉಲ್ಬೊಸಿನ್ ಇನ್ಮೇಲೆ ನಿನ್ ಮಗಳು ಕಣೇ ಕುಲ್ಯಾಶ್. ಹಿರಿಯರು ಹರಸಿ ಕೊಟ್ರು, ನೀನೂ ಆಮೀನ್ ಅಂದು ಮುಖ ಸವರಿಕೊಂಡೆ. ಎಲ್ಲಾರೂ ನೋಡಿದಾರೆ.”
ಮಕ್ಕಳಿಲ್ಲದ ನೆಂಟರಿಗೆ ಮಗು ಕೊಡುವುದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಆದರೆ ಕೇಳಿ ಕೊಡುತ್ತಾರೆ. ಈ ಕಳ್ಳರು ನನ್ನ ಬಾಯಲ್ಲಿ ಮಾಂಸವಿದ್ದಾಗ ಕೊಟ್ಟರು. ಕೂಗಾಡಿದೆ. ಖುಷಿಗೆ ಹಾಗಾಡುತ್ತಾಳೆ ಎಂದು ನಕ್ಕು ಹುಡುಗಿಯನ್ನೂ ಬಸ್ಸು ಹತ್ತಿಸಿದರು.
ಪಕ್ಕದ ಸೀಟಿನಲ್ಲಿ ಕೂತಿದೆ ಅದು. ಎಂಟು ವರ್ಷ. ಕಾಲಡಿ ಬಟ್ಟೆಯ ಚೀಲ. ಕಿಟಕಿಯಿಂದ ಮುಖ ತಿರುಗಿಸಿಲ್ಲ.

ಅಕ್ಟೋಬರ್ 15
ಒಂದೇ ಕೋಣೆಯ ಫ್ಲಾಟು. ಅಡುಗೆಮನೆಯ ಸೋಫಾದ ಮೇಲೆ ಮಲಗಿಸಿದ್ದೇನೆ. ಅವಳು ಹೊರಳಿದರೆ ನನಗೆ ಎಚ್ಚರ. ಕೆಮ್ಮಿದರೆ ಎಚ್ಚರ. ನಲ್ಲಿ ಬಿಟ್ಟಳು, ನಿಲ್ಲಿಸಿದಳು, ಮತ್ತೆ ಬಿಟ್ಟಳು... ಕ್ಲಿನಿಕ್ಕಿನಲ್ಲಿ, ಮಗಳು ಬಂದಳಂತಲ್ಲ, ಸಿಹಿ ಕೊಡಿಸು ಎಂದು ಗಂಟುಬಿದ್ದರು. ಮೈಯೆಲ್ಲ ಉರಿಯಿತು.
ಊಟಕ್ಕೆ ಕೂತಾಗ ಹೇಳಿದೆ, ಶನಿವಾರ ನಿನ್ನನ್ನು ವಾಪಸ್ ಬಿಟ್ಟು ಬರುತ್ತೇನೆ ಎಂದು. ತಟ್ಟೆಯಿಂದ ತಲೆ ಎತ್ತಲಿಲ್ಲ.
“ಬಿಡಿ. ನಂಗೂ ನೀವು ಬೇಕಾಗಿಲ್ಲ.”
ಮೂರು ದಿನದಲ್ಲಿ ಮೊದಲ ಮಾತು. ಸರಿಯಾಗಿಯೇ ಆಡಿತು.

ಅಕ್ಟೋಬರ್ 18, ಶನಿವಾರ. ಸಂಜೆ
ಅಣ್ಣ ಮುಖ ತೋರಿಸಲಿಲ್ಲ. ಲಾಯದಲ್ಲಿ ಕೆಲಸವಂತೆ. ಅತ್ತಿಗೆ ಮಗನನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತಳು.
“ಹರಸಿ ಕೊಟ್ಟ ಮಗೂನ ಯಾರಾದ್ರೂ ವಾಪಸ್ ತಗೋತಾರಾ? ಆ ಪಾಪಕ್ಕೆ ಈ ಗಂಡುಮಗೂಗೆ ಏನಾದ್ರೂ ಆದ್ರೆ ನೀನ್ ಬರ್ತೀಯಾ?”
ಹುಡುಗಿಯ ಎದುರಿಗೇ. ನಾನೂ ಬಿಡಲಿಲ್ಲ, ಬಾಯಿಗೆ ಬಂದದ್ದೆಲ್ಲ ಅಂದೆ. ಅಷ್ಟರಲ್ಲಿ ಹುಡುಗಿ ಅವಳ ತೋಳಿನ ಕೆಳಗೆ ನುಸುಳಿ ಒಳಗೆ ಹೋದಳು. ಹಿಂದೆ ಹೋದೆ. ಹುಡುಗಿಯ ಮಂಚದ ಮೇಲೆ ಆಲೂಗಡ್ಡೆ ಮೂಟೆ ಪೇರಿಸಿದ್ದರು. ಆರೇ ದಿನದಲ್ಲಿ.
ನೋಡಿದಳು. ಹೊರಗೆ ಬಂದು ನೇರ ಬಸ್ ನಿಲ್ದಾಣದ ದಾರಿ ಹಿಡಿದಳು. ನನಗಾಗಿಯೂ ಕಾಯಲಿಲ್ಲ. ಚೀಲ ಹೊತ್ತು ಓಡಿದವಳು ನಾನು.
ಆ ಮನೆಗೆ ಇನ್ನು ಕಾಲಿಡುವುದಿಲ್ಲ. ಸತ್ತರೂ ಇಲ್ಲ.

ನವೆಂಬರ್ 9, ಭಾನುವಾರ. ಬೆಳಗ್ಗೆ 10
ಮೂರು ವಾರ ಬರೆದಿಲ್ಲ. ಶಾಲೆಗೆ ಸೇರಿಸಿದೆ. ಕಾಗದಪತ್ರಕ್ಕೆ ಅಲ್ಲಿಯೂ ಜಗಳವಾಡಿದೆ.
ಎದುರು ಮನೆಯವಳು ಹೇಳುತ್ತಾಳೆ, ಇನ್ನು ನಿನಗೆ ಜೊತೆಯಾಯಿತಲ್ಲ ಎಂದು. ಜೊತೆ! ಶಾಲೆಯಿಂದ ಬಂದರೆ ಅಡುಗೆಮನೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತದೆ. ಹೊರಗೆ ಚೀಟಿ ಬೇರೆ ಅಂಟಿಸಿಕೊಂಡಿದೆ: ತಟ್ಟಿ ಬನ್ನಿ.
ಇವತ್ತು ಚಹಾ ಬೇಕಿತ್ತು. ಒಳಗಿನಿಂದ ಚಿಲಕ. ತಟ್ಟಿದೆ. ಯಾರು ಎಂದು ಕೇಳುತ್ತಾಳೆ! ಈ ಮನೆಯಲ್ಲಿ ಇನ್ಯಾರಿದ್ದಾರೆ? ಬೈಯಲು ಹೋದವಳು, ನಾನು ನಿನ್ನತ್ತೆ ಎಂದೆ.
“ನಂಗೆ ಒಬ್ಳೇ ಇರ್ಬೇಕು ಅತ್ತೆ. ಆಮೇಲೆ ಬನ್ನಿ.”
ಕೆನ್ನೆಗೆ ಬಾರಿಸಿದಂತಾಯಿತು. ಒದೆಯಬಹುದು ಬಾಗಿಲನ್ನು. ನನ್ನದೇ ಬಾಗಿಲು. ಒದೆಯಲಿಲ್ಲ. ಹೊರಗೆ ಸ್ಟೂಲು ಹಾಕಿಕೊಂಡು ಕೂತು ಬರೆಯುತ್ತಿದ್ದೇನೆ. ಎಷ್ಟು ಹೊತ್ತಾಯಿತೋ. ಕೋಪ ಇಳಿದಿಲ್ಲ.
ಒಳಗೆ ಕೆಟಲ್ ಕುದಿಯುತ್ತಿದೆ. ನಿಂತಿತು. ಮೇಜಿನ ಮೇಲೆ ಒಂದು ಚಹಾ ಬಟ್ಟಲು ಇಟ್ಟ ಸದ್ದು. ಇನ್ನೊಂದು—