ಜೊಂಡು ಕಿತ್ತವನ ಅರಿಕೆ

ಹೊಂಡದಗೇರಿ,
ಕ್ರಿ.ಶ. ೨೧೮೭, ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ

ನೂರಾ ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ ಶಿವಮೂರ್ತೆಪ್ಪನ ನಮಸ್ಕಾರಗಳು.

ನಿಮ್ಮ ಪಂಚಾಂಗದಲ್ಲಿ ಇಂಥ ತಾರೀಖು ಸಿಗಲಾರದು. ಮಳೆಗಾಲದ ನಡುವೆ ಇನ್ನೊಂದು ಬೇಸಿಗೆ ಬರುವುದು ನಮಗೆ ರೂಢಿಯಾಗಿದೆ. ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿರಿ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಬರೆಯೋಣವೆಂದು ಕುಳಿತೆ. 'ವಿತ್ ಡ್ಯೂ ರಿಸ್ಪೆಕ್ಟ್ ಐ ಬೆಗ್ ಟು' ಎಂಬಲ್ಲಿಗೆ ನಿಂತಿತು. ಬೇಡಬೇಕಾದದ್ದು ಕನ್ನಡದಲ್ಲೇ ಇದೆ.

ನಮ್ಮಲ್ಲಿ ಸಂಜೆ ಐದಕ್ಕೆ ಬಲೆಗಂಟೆ ಹೊಡೆಯುತ್ತದೆ. ಆಮೇಲೆ ಎಲ್ಲರೂ ಸೊಳ್ಳೆಪರದೆಯೊಳಗೆ. ಊಟ, ಜಗಳ, ಮಕ್ಕಳ ಪಾಠ ಎಲ್ಲ ಅಲ್ಲಿಯೇ. ಸೊಳ್ಳೆಗೆ ಈಗ ಯಾವ ಔಷಧಿಯೂ ನಾಟುವುದಿಲ್ಲ. ಮೊದಲು ಹೀಗಿರಲಿಲ್ಲ. ಕೆರೆಯಂಚಿಗೆ ಆಳೆತ್ತರದ ಜೊಂಡು ಇತ್ತು. ಅದರ ಬುಡದಲ್ಲಿ ಹುಣಸೆಬೀಜದಷ್ಟು ದಪ್ಪ, ಕಪ್ಪು ನೀರುಜೀರುಂಡೆಗಳು. ಜೊಂಡಿನ ದಂಟು ಸೀಳಿ ತತ್ತಿ ಇಡುತ್ತಿದ್ದವು; ಅವುಗಳ ಮರಿಗಳು ಸೊಳ್ಳೆಮರಿಗಳನ್ನು ಹಿಡಿದು ಹೀರುತ್ತಿದ್ದವು. ಮದುವೆಯಾಗಿ ಬರುವ ಹೆಣ್ಣು ತವರಿನ ಕೆರೆಯಿಂದ ಒಂದು ಗಡಿಗೆ ಜೀರುಂಡೆ ತಂದು ಇಲ್ಲಿ ಬಿಡಬೇಕಿತ್ತು. ಅದಕ್ಕೆ ಹುಳದುಡಿ ಅನ್ನುತ್ತೇವೆ. ನನ್ನ ಹೆಂಡತಿ ಸಾವಂತ್ರೆವ್ವ ತಂದ ಗಡಿಗೆಯನ್ನು ಬಸ್ಸಿನಲ್ಲಿ ನಾನೇ ತೊಡೆಯ ಮೇಲಿಟ್ಟುಕೊಂಡಿದ್ದೆ. ಹೊಸ ಧೋತರ ಪೂರ್ತಿ ಒದ್ದೆ. ಇರಲಿ, ಎಲ್ಲಿಗೋ ಹೋದೆ.

ನಾಲ್ಕು ವರ್ಷದ ಹಿಂದೆ ಊರವರು ನನ್ನನ್ನು ದಡಗಾರ, ಅಂದರೆ ಕೆರೆಯಂಚು ಕಾಯುವವ, ಎಂದು ಆರಿಸಿದರು. ಅದೇ ವರ್ಷ ಜೊಂಡಿನಲ್ಲಿ ಹಾವು ಕಂಡಿತು. ಎಲ್ಲ ಕಿತ್ತು ದಡಕ್ಕೆ ಕಲ್ಲು ಹಾಸಬೇಕೆಂದು ಜನ ಹಟ ಹಿಡಿದರು. ಮನೆಯಲ್ಲಿ ಹೇಳಿದೆ.

"ಜ್ವಂಡ ಕಿತ್ತರ ಹುಳ ಎಲ್ಲಿ ತತ್ತಿ ಇಡಬೇಕ್ರೀ? ನಿಮ್ಮ ಬೋಳುತಲಿ ಮ್ಯಾಲ?" ಅಂದಳು ಸಾವಂತ್ರೆವ್ವ.

ನಕ್ಕೆ. ಕೀಳುವುದು ಬೇಡವೆಂದು ಊರಿಗೆ ತಿಳಿಸಿದೆ. ಮರುದಿನ ಚಾವಡಿಯಲ್ಲಿ ಎದುರುಮನೆಯ ಗುರುಪಾದಪ್ಪ, "ದಡಗಾರ ಇಂವಲ್ಲೋ, ಇವನ ಹೇಂತಿ. ಇಂವ ಬರೇ ಪಟಗಾ ಸುತ್ಗೊಂಡಾನ" ಅಂದ. ಎಲ್ಲರೂ ನಕ್ಕರು. ಆ ಮಧ್ಯಾಹ್ನವೇ ಗುದ್ದಲಿ ಹಿಡಿದು ಎಲ್ಲರಿಗಿಂತ ಮೊದಲು ನೀರಿಗಿಳಿದೆ.

ಕೆರೆ ಕನ್ನಡಿಯಂತಾಯಿತು. ಜನ ಹೊಗಳಿದರು. ಹದಿನೈದು ದಿನದಲ್ಲಿ ಜೀರುಂಡೆಗಳು ಒಂದೊಂದೇ ಹಾರಿಹೋದವು. ಮುಂದಿನ ಮಳೆಗೆ ಸೊಳ್ಳೆ ಹೆಚ್ಚಿ ಮೂಳೆಜ್ವರ ಬಂತು. ಸಾವಂತ್ರೆವ್ವ ಹತ್ತೊಂಬತ್ತು ದಿನ ಮಲಗಿದಳು, ಏಳಲಿಲ್ಲ. ಅಷ್ಟೂ ದಿನ ಜೊಂಡಿನ ಮಾತೆತ್ತಲಿಲ್ಲ. ಒಮ್ಮೆ ಬೈದಿದ್ದರೆ ಆಗುತ್ತಿತ್ತು.

ಕಲ್ಲು ಕಿತ್ತು ಮತ್ತೆ ಜೊಂಡು ನೆಟ್ಟಿದ್ದೇನೆ. ಬೆಳೆದಿದೆ. ಜೀರುಂಡೆ ಬಂದಿಲ್ಲ. ಗಡಿಗೆ ಹಿಡಿದು ಅವಳ ತವರೂ ಸೇರಿ ಸುತ್ತಲ ಹತ್ತೂರು ತಿರುಗಿದೆ; ನಮ್ಮ ಕೆರೆಯ ಚಂದ ನೋಡಿ ಅವರೂ ಕಿತ್ತು ಕಲ್ಲು ಹಾಸಿದ್ದಾರೆ. ಒಂದು ಜೀರುಂಡೆಯೂ ಸಿಗಲಿಲ್ಲ.

ನಿಮ್ಮ ಕೆರೆಗಳಲ್ಲಿ ಅವು ಇನ್ನೂ ಇವೆ. ಸ್ವಚ್ಛ ಮಾಡುವಾಗ ಒಂದು ಮೂಲೆಯ ಜೊಂಡು, ಅದರ ಬುಡದ ಕೆಸರು ಹಾಗೇ ಬಿಡಿರಿ. ಅವುಗಳ ಸಂತಾನ ನಮ್ಮ ತನಕ ಬಂದರೂ ಬಂದೀತು. ಮೈಗಳ್ಳರೆಂದು, ಹೆಂಡತಿಗೆ ಅಂಜುವವರೆಂದು ಜನ ನಗುತ್ತಾರೆ. ಅದೆಲ್ಲ ಎರಡು ದಿನ. ಆ ಎರಡು ದಿನ ತಡೆಯಲು ನನ್ನಿಂದ ಆಗಲಿಲ್ಲ.