ಮಸುಕು ಗಾಜಿನ ಹಾದಿ

ವಡಾಲ, ಮುಂಬಯಿ
೨೦ ಆಗಸ್ಟ್ ೨೦೨೪

ಪ್ರೀತಿಯ ಹರಿಣಿ,

ನಿನ್ನ ತಲೆನೋವು ಹೇಗಿದೆ? ಮಸ್ಕತ್‌ನ ಆ ಬಿಸಿಲಿನಲ್ಲಿ ನೀನು ಆಸ್ಪತ್ರೆಯ ಕೆಲಸ ಮುಗಿಸಿ ಕೋಣೆಗೆ ನಡೆದೇ ಹೋಗುತ್ತೀಯೆಂದು ಅವ್ವ ನನ್ನನ್ನು ಬೈಯುತ್ತಾಳೆ. ಮಳೆಗೆ ಅವಳ ಮೊಣಕಾಲು ಬಿಗಿದಿದೆ, ಮಿಕ್ಕಂತೆ ಗಟ್ಟಿ. ಇಲ್ಲಿನ ನಿನ್ನ ಕೋಣೆಯನ್ನು ದಿನವೂ ಒರೆಸುತ್ತಾಳೆ. ಯಾವಾಗ ತಿರುಗಿ ಬರುತ್ತೀ ಎಂದು ಅವಳು ಕೇಳುವುದು, ನೀನು "ನೋಡೂಣವ್ವ" ಅನ್ನುವುದು, ನಾಲ್ಕು ವರ್ಷದಿಂದ ನನ್ನ ಕಿವಿಗೂ ಬೀಳುತ್ತಿದೆ. ಫೋನ್ ಮಾಡಿದರೆ ಅವಳು ಪಕ್ಕದಲ್ಲೇ ಇರುತ್ತಾಳೆ. ಅದಕ್ಕೆ ಈ ಕಾಗದ.

ನಮ್ಮ ಕಚೇರಿಗೆ ಒಂದು ವಿಮಾನ ನಿಲ್ದಾಣದ ಕೆಲಸ ಬಂದಿದೆ. ಬೀಳ್ಕೊಡುವ ಜಾಗದ ವಿನ್ಯಾಸ ನನ್ನದು. ಅದೇ ಹೊತ್ತಿಗೆ ಆಕಾಶದ ಕಪ್ಪು ರಂಧ್ರಗಳ ಬಗ್ಗೆ ಓದುತ್ತಿದ್ದೆ. ಕಪ್ಪು ರಂಧ್ರದ ಸುತ್ತ ಒಂದು ಎಲ್ಲೆ ಇರುತ್ತದೆ. ದಾಟಿದ್ದು ಮರಳುವುದಿಲ್ಲ. ಆದರೆ ದೂರ ನಿಂತು ನೋಡುವವನಿಗೆ ದಾಟುವ ಗಳಿಗೆ ಕಾಣುವುದೇ ಇಲ್ಲವಂತೆ; ಹೋಗುವವನು ನಿಧಾನವಾಗುತ್ತ, ಮಂಕಾಗುತ್ತ, ಅಂಚಿನಲ್ಲೇ ಉಳಿದಂತೆ ತೋರುತ್ತಾನೆ. ಹೋಗುವವನಿಗೆ ಆ ಗೆರೆಯಲ್ಲಿ ಏನೂ ಅನ್ನಿಸುವುದಿಲ್ಲ. ಓದಿದ ಕೂಡಲೇ ಇದನ್ನು ಕಟ್ಟಬಹುದು ಅನ್ನಿಸಿತು. ಒಂದು ಉದ್ದನೆಯ ಹಾದಿ, ಅದಕ್ಕೆ ಗಾಜಿನ ಗೋಡೆ. ಗಾಜು ಮೊದಲು ತಿಳಿ, ಬರಬರುತ್ತ ಮಸುಕು. ಹೊರಗೆ ನಿಂತವರ ಕಣ್ಣಿನಿಂದ ಯಾರೂ ಥಟ್ಟನೆ ಕಳೆದುಹೋಗಬಾರದು. ಇದರಲ್ಲಿ ದಯೆಯಿದೆ ಎಂದುಕೊಂಡಿದ್ದೆ.

ಹೋದ ಶನಿವಾರ ಮಲಾಡ್‌ನ ಗೋದಾಮೊಂದರಲ್ಲಿ ಅದರ ಒಂದು ತುಂಡನ್ನು ಪೂರ್ಣ ಅಳತೆಯಲ್ಲಿ ನಿಲ್ಲಿಸಿದ್ದೆವು. ಹೇಗೆ ಕಾಣುತ್ತದೆಂದು ತಿಳಿಯಲು ಅವ್ವನನ್ನು ಕರೆದೊಯ್ದು ಹೊರಗೆ ನಿಲ್ಲಿಸಿ, ಹೆಗಲಿಗೆ ಚೀಲ ಹಾಕಿಕೊಂಡು ಗಾಜಿನಾಚೆ ನಡೆದೆ. ಹಿಂಬಾಗಿಲಿನಿಂದ ಹೊರಬಿದ್ದು ಕಟಿಂಗ್ ಚಾ ಕುಡಿಯುತ್ತ ನಿಂತೆ. ಹೊರಟವರು ಮರೆಯಾಗುವ ತನಕ ಕಳಿಸುವವರು ಬೆನ್ನು ತಿರುಗಿಸಬಾರದೆಂಬ ನಮ್ಮ ಮನೆಯ ರೂಢಿ ನನಗೆ ಹೊಳೆಯಲೇ ಇಲ್ಲ. ನನ್ನ ಕೈಕೆಳಗಿನ ಆರ್ಕಿಟೆಕ್ಟ್ ಸ್ನೇಹಲ್, ಇಲ್ಲೇ ಹುಟ್ಟಿದ ಬೆಳಗಾವಿ ಕಡೆಯ ಹುಡುಗಿ, ಓಡಿ ಬಂದಳು. "ಸರ್, ಅಜ್ಜಿ ಬೈಠ್ತಾನೇ ಇಲ್ಲ, ಕುರ್ಸಿ ಕೊಟ್ಟೆ ತೋ ಭೀ!"

ಅವ್ವ ಕೊಟ್ಟ ಕುರ್ಚಿಯಲ್ಲಿ ಕೂರದೆ, ಒಂದು ಕೈಯನ್ನು ಗಾಜಿಗೆ ಊರಿ, ಇನ್ನೊಂದರಿಂದ ಮೊಣಕಾಲು ಹಿಡಿದುಕೊಂಡು ನಿಂತಿದ್ದಳು. "ತಡೀ ಬಾಳಾ, ಅಂವಾ ಇನ್ನೂ ಕಾಣಸ್ತಾನ" ಎಂದಳು ಸ್ನೇಹಲ್‌ಗೆ. ನಾನು ಅವಳ ಬೆನ್ನ ಹಿಂದಿದ್ದೆ. ಗಾಜಿನಾಚೆ ಇದ್ದದ್ದು ಏಣಿಗೆ ಯಾರೋ ನೇತುಹಾಕಿದ್ದ ರೇನ್‌ಕೋಟು. ತಿರುಗಿ ನನ್ನನ್ನು ನೋಡಿ ನಕ್ಕಳು: "ಏನ್ ಕಟ್ಟೀಯೋಪಾ, ಮಂದಿ ಹೋಗೂದ ಮುಗಿಯಾಂಗಿಲ್ಲಲ್ಲೋ!" ಟ್ಯಾಕ್ಸಿಯಲ್ಲಿ ವಡಾಲದ ತನಕ ಮೊಣಕಾಲು ನೀವಿಕೊಂಡಳು.

ನಿನ್ನೆ ನಕ್ಷೆ ಬದಲಿಸಿದೆ. ಈಗ ಕೊನೆಯವರೆಗೂ ತಿಳಿಗಾಜು, ಆಮೇಲೆ ಕಲ್ಲಿನ ಗೋಡೆ, ಒಂದು ತಿರುವು. ಅಲ್ಲಿ ನಿಂತು ಕೈ ಬೀಸಬಹುದು. ಅಷ್ಟೇ. ಕಲ್ಪನೆಯೇ ಹೋಯಿತೆಂದು ಸ್ನೇಹಲ್‌ಗೆ ಬೇಸರ. ಹೋಗಿದೆ, ನಿಜ.

ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವನ ಆಶೀರ್ವಾದ ನಿನಗೆ ಸದಾ ಇದೆ.

ನಿನ್ನ ಅಣ್ಣ,
ಶರಣಬಸಪ್ಪ

ತಾ.ಕ.: ನಿನ್ನ ಜೊತೆ ಕೆಲಸ ಮಾಡುವ ನವೀನ ರಜೆಗೆ ಬಂದವನು ಸಿಕ್ಕಿದ್ದ. ನೀನು ಅಲ್ಲೇ ನೆಲೆ ನಿಲ್ಲುವುದೆಂದು ನಿಶ್ಚಯಿಸಿ ವರ್ಷವಾಯಿತಂತೆ. ನನಗೆ ಸಂತೋಷವೇ. ಕಾಗದ ಮುಟ್ಟಿದ ಮೇಲಿನ ಭಾನುವಾರ ಅವ್ವನಿಗೆ ನೀನೇ ಹೇಳು, ಬರುವುದಿಲ್ಲವೆಂದು. ಅಳುತ್ತಾಳೆ. ಆಮೇಲೆ ಕೂತುಕೊಳ್ಳುತ್ತಾಳೆ.